ಹೇಳಿದ ಪಟ್ಟಿ ಎಲ್ಲಿದೆ?

ಮಾನ್ಯ ಕ್ಷೇತ್ರ ಶಿಕ್ಷಣಾಧಿಕಾರಿಗಳೇ,

ಕಳೆದ ನವೆಂಬರ್‌ನಲ್ಲಿ ಬೆಂಗಳೂರಿನ ಬಡಾವಣೆಯೊಂದರ ಪೋಷಕರು ತಮ್ಮ ಕಚೇರಿಗೆ ಬಂದಿದ್ದು ತಮಗೆ ನೆನಪಿರಬಹುದು. ಯಾವ ಖಾಸಗಿ ಶಾಲೆಗೆ ಯಾವ ಪಠ್ಯಕ್ರಮದಲ್ಲಿ, ಎಷ್ಟನೇ ತರಗತಿಯವರೆಗೆ ಮಾನ್ಯತೆ ಇದೆ ಎಂಬ ಪಟ್ಟಿಯನ್ನು ದಾಖಲಾತಿ ಶುರುವಾಗುವ ಮೊದಲೇ ನೋಟಿಸ್ ಬೋರ್ಡಿಗೆ ಹಾಕಿಸುವುದಾಗಿ ತಾವು ಎಲ್ಲರೆದುರು ಹೇಳಿದ್ದಿರಿ. ಆಮೇಲೆ ಕೊಟ್ಟ ಮನವಿಗೆ ಸೀಲು ಬಿತ್ತು, ಉತ್ತರ ಬರಲಿಲ್ಲ. ಫೋನ್ ಮಾಡಿದರೆ ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’. ಈಗ ದಾಖಲಾತಿಯೇ ಮುಗಿಯುತ್ತ ಬಂದಿದೆ.

ಆ ಪೋಷಕರಲ್ಲಿ ಒಬ್ಬ ತಾಯಿ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಮಗಳನ್ನು ಒಂದನೇ ತರಗತಿಗೆ ಸೇರಿಸಿದ್ದು ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಶಾಲೆಗೆ. ಗೇಟಿನ ಮೇಲಿನ ಫ್ಲೆಕ್ಸ್‌ನಲ್ಲಿ ‘ಸಿಬಿಎಸ್‌ಇ’ ಎಂಬುದು ಇಡೀ ಬೀದಿಗೆ ಕಾಣುತ್ತದೆ. ಕೆಳಗಿನ ‘ಮಾದರಿ ಶಿಕ್ಷಣ’ ಎಂಬುದನ್ನು ಓದಲು ಗೇಟಿಗೇ ಹೋಗಿ ನಿಲ್ಲಬೇಕು. ದುಡ್ಡು ಕಟ್ಟಿದ ಮೇಲೆ ಸಿಕ್ಕಿದ ರಸೀದಿಯಲ್ಲಿ ಶಾಲೆಯ ಹೆಸರೇ ಇಲ್ಲ, ಯಾವುದೋ ಟ್ರಸ್ಟಿನದು. ಸಿಬಿಎಸ್‌ಇ ಸಂಯೋಜನೆಯ ನಂಬರ್ ಕೇಳಿದಾಗ, ‘ಅರ್ಜಿ ಹಾಕಿದ್ದೀವಿ ಮೇಡಂ, ಬರುತ್ತೆ’ ಎಂದರು. ವಿಚಾರಿಸಿದರೆ ಶಾಲೆಗಿರುವುದು ರಾಜ್ಯ ಪಠ್ಯಕ್ರಮದ ಮಾನ್ಯತೆ, ಅದೂ ಐದನೇ ತರಗತಿಯವರೆಗೆ. ಕಟ್ಟಿದ ಹಣ ವಾಪಸ್ ಕೊಡಲು ಆಡಳಿತ ಮಂಡಳಿ ಸಿದ್ಧವಿಲ್ಲ. ಪಟ್ಟಿ ಬೋರ್ಡಿನಲ್ಲಿದ್ದಿದ್ದರೆ ಆ ತಾಯಿ ಗೇಟು ದಾಟುತ್ತಲೇ ಇರಲಿಲ್ಲ.

ಇಂಥ ಮೋಸ ಹೊಸದೇನಲ್ಲ. 2023ರಲ್ಲಿ 5 ಮತ್ತು 8ನೇ ತರಗತಿಗೆ ರಾಜ್ಯಮಟ್ಟದ ಮೌಲ್ಯಾಂಕನ ಪರೀಕ್ಷೆ ಎಂದಾಗಲೇ, ಮಕ್ಕಳು ಓದುತ್ತಿರುವುದು ಸಿಬಿಎಸ್‌ಇ ಶಾಲೆಯಲ್ಲ ಎಂಬುದು ಬೆಂಗಳೂರಿನ ಎಷ್ಟೋ ಪೋಷಕರಿಗೆ ಗೊತ್ತಾಗಿದ್ದು. ಶಾಲೆಗಳ ಮುಂದೆ ಪ್ರತಿಭಟನೆಯೂ ನಡೆಯಿತು. ಮಾನ್ಯತೆ, ನವೀಕರಣದ ಕಡತಗಳು ಓಡಾಡುವುದು ಇಲಾಖೆಯಲ್ಲೇ. ಅಂದಮೇಲೆ ಮಾಹಿತಿ ನಿಮ್ಮ ಕೈಯಲ್ಲೇ ಇದೆ. ಅದನ್ನು ಗೋಡೆಗೆ ಅಂಟಿಸಲು ಯಾರ ಮಂಜೂರಾತಿ ಬೇಕು?

ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) 13ನೇ ಕಲಮಿನ ಪ್ರಕಾರ ಕ್ಯಾಪಿಟೇಷನ್ ಶುಲ್ಕ ಪಡೆದರೆ ಅದರ ಹತ್ತು ಪಟ್ಟಿನವರೆಗೆ, ಮಗುವನ್ನು ಪರೀಕ್ಷಿಸಿ ಸೇರಿಸಿಕೊಂಡರೆ ಮೊದಲ ತಪ್ಪಿಗೇ 25,000 ರೂಪಾಯಿವರೆಗೆ ದಂಡ. ಇದೇ ಬಡಾವಣೆಯಲ್ಲಿ ಮಗುವಿಗೂ ಸಂದರ್ಶನ, ಅಪ್ಪ-ಅಮ್ಮನಿಗೂ ಸಂದರ್ಶನ. ಡೊನೇಷನ್‌ಗೆ ಡೆವಲಪ್‌ಮೆಂಟ್ ಫೀ ಎಂಬ ಹೆಸರು. ಒಂದಾದರೂ ನೋಟಿಸ್ ಕೊಟ್ಟಿದ್ದೀರಾ? ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲವೆಂದು 2019ರಲ್ಲಿ ರಾಜ್ಯ ಸರ್ಕಾರ ನಿಯಮ ಬದಲಿಸಿತು, ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಬಡವರ ಆಯ್ಕೆ ಅಲ್ಲಿಗೆ ಮುಗಿಯಿತು. ಸಾಲ ಮಾಡಿ ದುಡ್ಡು ಹೊಂದಿಸುವವರಿಗಾದರೂ ನಿಜ ತಿಳಿಯಬೇಡವೇ?

ಮೇ ಕೊನೆಗೆ ಶಾಲೆಗಳು ತೆರೆಯುತ್ತವೆ. ಅಷ್ಟರೊಳಗೆ ಪಟ್ಟಿ ಹಾಕಿಸಿ, ಕನ್ನಡದಲ್ಲಿ. ಮಾನ್ಯತೆಯ ವಿವರವನ್ನು ಪ್ರತಿ ಶಾಲೆಯ ಗೇಟಿನ ಮೇಲೂ ಬರೆಸಿ. ಆ ತಾಯಿ ಕಟ್ಟಿದ ಹಣ ವಾಪಸ್ ಕೊಡಿಸಿ.