ಅನ್ಯಾಯವೆಲ್ಲಿದೆ?

ಮಾಂಟ್ರಿಯಲ್ ಸೇರಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಕೆಲಸಕ್ಕೆ ಫ್ರೆಂಚ್ ಕೇಳುವುದು ಅನ್ಯಾಯವೆಂದು ಬರೆದಿದ್ದಾನೆ. ನಾನದನ್ನು ಒಪ್ಪಲಾರೆ. ಬೀದಿಯಲ್ಲಿ ಎರಡು ನುಡಿ ಕೇಳಿಸಬಹುದು. ಕ್ವಿಬೆಕ್ ಪ್ರಾಂತ್ಯದ ಅಧಿಕೃತ ಭಾಷೆ ಮಾತ್ರ ಫ್ರೆಂಚ್ ಒಂದೇ. 1960ರ ದಶಕದಲ್ಲೂ ಆ ನಗರದ ಬಹುಸಂಖ್ಯಾತ ಫ್ರೆಂಚ್ ಭಾಷಿಕರು ದೊಡ್ಡ ಹುದ್ದೆಗಳಿಗಾಗಿ ಇಂಗ್ಲಿಷಿನ ಬಾಗಿಲು ಕಾಯುತ್ತಿದ್ದರು. ಅದಕ್ಕೆಂದೇ 1977ರ ಭಾಷಾ ಸನ್ನದು ಫ್ರೆಂಚನ್ನು ದುಡಿಮೆಯ ಭಾಷೆಯನ್ನಾಗಿಸಿತು. ದಾದಿಯಾಗಲಿ, ಇಂಜಿನಿಯರಾಗಲಿ, ವೃತ್ತಿ ಪರವಾನಗಿಗೆ ಅದರ ಜ್ಞಾನ ಬೇಕು. ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲಿ ಎಂದು ಗುಡುಗುವ ನಾವು, ಅಲ್ಲಿ ಬೇರೆ ನ್ಯಾಯ ಬೇಡುವುದೇ? ಬಾಡಿಗೆಯ ಚಿಂತೆಯ ನಡುವೆ ಕ್ರಿಯಾಪದಗಳನ್ನು ಉರುಹೊಡೆಯುವುದು ಸುಲಭವಲ್ಲ, ಬಲ್ಲೆ. ಆದರೆ ಅಲ್ಲಿನ ಸರ್ಕಾರವೇ ವಲಸಿಗರಿಗೆ ಉಚಿತವಾಗಿ ಕಲಿಸುತ್ತದೆ. ಮಗೂ, ಸಂಜೆಯ ತರಗತಿಗೆ ಈ ವಾರವೇ ಹೆಸರು ಬರೆಸು.