ಮಾನೇಸರ್ ಪತ್ರ: ಕಲ್ಲು ಸವೆದಿತ್ತು, ಬೈಗುಳ ಮೋಟಾರಿಗೆ



ನಿಮ್ಮ ಸ್ಕೂಟರಿನ ಬ್ರೇಕ್ ಲಿವರ್ ಮೇಲೆ ಒಮ್ಮೆ ಬೆರಳಾಡಿಸಿ ನೋಡಿ. ಎಲ್ಲೂ ಚುಚ್ಚುವುದಿಲ್ಲ. ಆದರೆ ಅಚ್ಚಿನಿಂದ ಹೊರಬಂದಾಗ ಇಂಥ ಬಿಡಿಭಾಗಗಳ ಅಂಚಿನಲ್ಲಿ ಲೋಹದ ಸಣ್ಣ ಮುಳ್ಳುಗಳಿರುತ್ತವೆ. ಕಾರ್ಖಾನೆಯವರು ಅದಕ್ಕೆ ‘ಬರ್’ ಅನ್ನುತ್ತಾರೆ. ಅದನ್ನು ತೆಗೆಯುವ ಯಂತ್ರದ ಹೆಸರು ವೈಬ್ರೊ. ಈ ತಿಂಗಳು ಅದರದ್ದೇ ಕಥೆ.

ಮಾನೇಸರ್ ಎಂದರೆ ಗೊತ್ತಲ್ಲ, ದೆಹಲಿಯಿಂದ ಜೈಪುರದ ಹೆದ್ದಾರಿ ಹಿಡಿದರೆ ಗುರುಗ್ರಾಮ ದಾಟಿದ ಮೇಲೆ ಸಿಗುವ ಕೈಗಾರಿಕಾ ಊರು. 2001ರಲ್ಲಿ ಹೋಂಡಾ ಆಕ್ಟಿವಾ ಬಂದದ್ದು ಇಲ್ಲಿಂದ. 2007ರಲ್ಲಿ ಮಾರುತಿಯ ಘಟಕವೂ ಇಲ್ಲಿ ಶುರುವಾಯಿತು. ಇಂಥ ದೊಡ್ಡವರ ಸುತ್ತ ಬಿಡಿಭಾಗ ಮಾಡುವ ಚಿಕ್ಕವರು ನೂರಾರು ಮಂದಿ. ಪೀಣ್ಯದ ಒಳರಸ್ತೆಗಳಲ್ಲಿ ಓಡಾಡಿದವರಿಗೆ ಇಲ್ಲಿನ ವಾಸನೆ, ಸದ್ದು ಎರಡೂ ಹೊಸದಲ್ಲ.

ಅಂಥ ಒಂದು ಶೆಡ್ಡಿನ ಯಂತ್ರಗಳಿಗೆ ಸೆನ್ಸರ್ ಕೂರಿಸಿ, ಪರದೆಯ ಮೇಲೆ ಹಸಿರು-ಕೆಂಪು ದೀಪ ತೋರಿಸುವುದು ನಮ್ಮ ತಂಡದ ಕೆಲಸ. ಒಂದು ದಿನ ಅಲ್ಲಿಂದ ಫೋನ್ ಬಂತು. ಅಲ್ಯೂಮಿನಿಯಂ ಭಾಗಗಳ ಮೇಲೆ ಸಣ್ಣ ಸಣ್ಣ ಪೆಟ್ಟಿನ ಗುರುತು, ಗಿರಾಕಿ ಒಂದು ಲಾಟ್ ಪೂರ್ತಿ ವಾಪಸ್ ಕಳಿಸಿದ್ದಾನೆ. ನಾನು ಪರದೆ ನೋಡಿದೆ. ಹದಿನೈದು ದಿನಗಳಿಂದ ವೈಬ್ರೊದ ಅದುರು ಸ್ವಲ್ಪ ಸ್ವಲ್ಪವೇ ಏರುತ್ತಿತ್ತು. ‘ಮೋಟಾರ್ ಬೇರಿಂಗ್ ಹೋಗಿದೆ, ಇಲ್ಲವೇ ತೂಕದ ಬೋಲ್ಟ್ ಸಡಿಲವಾಗಿದೆ’ ಎಂದು ಧೈರ್ಯವಾಗಿ ಬರೆದು ಕಳಿಸಿದೆ. ಅರ್ಧ ದಿನ ಯಂತ್ರ ನಿಲ್ಲಿಸಿ ಬಿಚ್ಚಿದರು. ಬೇರಿಂಗೂ ಸರಿಯಾಗಿತ್ತು, ಬೋಲ್ಟೂ ಬಿಗಿಯಾಗಿತ್ತು. ಮಾರನೆಯ ದಿನ ನಾನೇ ಹೋದೆ.

ಯಂತ್ರ ನೋಡಲು ಬಹಳ ಸರಳ. ದೊಡ್ಡ ಉದ್ದಿನ ವಡೆಯ ಆಕಾರದ ತೊಟ್ಟಿ, ಒಳಗೆ ಪಾಲಿಯುರೆಥೇನಿನ ಪದರ, ಕೆಳಗೆ ಸುತ್ತಲೂ ಸ್ಪ್ರಿಂಗು. ನಡುವೆ ನೆಟ್ಟಗೆ ನಿಂತ ಮೋಟಾರು. ಅದರ ಮೇಲೂ ಕೆಳಗೂ ಒಂದೇ ಪಕ್ಕಕ್ಕೆ ವಾಲಿದ ತೂಕಗಳು. ಮೋಟಾರು ನಿಮಿಷಕ್ಕೆ 1,440ರ ಹತ್ತಿರ ತಿರುಗಿದಾಗ ತೊಟ್ಟಿ ಕೆಲವೇ ಮಿಲಿಮೀಟರಿನಷ್ಟು ಅದುರುತ್ತದೆ. ಒಳಗಿನ ಕಲ್ಲುಗಳು ಹೊರಳುತ್ತ, ಸುತ್ತುತ್ತ ಹರಿಯುತ್ತವೆ. ಎರಡು ತೂಕಗಳ ನಡುವಿನ ಕೋನ ಬದಲಿಸಿದರೆ ಆ ಹರಿವಿನ ರೀತಿಯೇ ಬದಲಾಗುತ್ತದೆ. ಕಲ್ಲು ಎಂದರೆ ಸೆರಾಮಿಕ್ಕಿನ ತ್ರಿಕೋನಗಳು, ಇಲ್ಲಿಯವರ ಬಾಯಲ್ಲಿ ‘ಪತ್ಥರ್’. ಹೊಳೆ ಗುಂಡುಕಲ್ಲನ್ನು ನಯ ಮಾಡಲು ವರ್ಷಗಟ್ಟಲೆ ತೆಗೆದುಕೊಳ್ಳುವ ಕೆಲಸವನ್ನು ಇದು ಗಂಟೆಗಳಲ್ಲಿ ಮುಗಿಸುತ್ತದೆ.

ಅದನ್ನು ನೋಡಿಕೊಳ್ಳುವವರು ಬಿಹಾರದ ಕಡೆಯ, ಐವತ್ತು ದಾಟಿದ ಒಬ್ಬರು. ಎಲ್ಲರಿಗೂ ಅವರು ಚಾಚಾ. ನಾನು ಲ್ಯಾಪ್‌ಟಾಪ್ ತೆರೆಯುವ ಮೊದಲೇ ಅವರು ತೊಟ್ಟಿಯೊಳಗಿನ ಒಂದು ಗೆರೆ ತೋರಿಸಿದರು. ಮೊದಲು ಕಲ್ಲು ಅಲ್ಲಿಯವರೆಗೆ ಇತ್ತಂತೆ. ಈಗ ಒಂದು ಗೇಣು ಕೆಳಗಿತ್ತು.

“ಸಾಬ್, ಪತ್ಥರ್ ಸವೆದಿದೆ. ಮಾಲು ಮಾತ್ರ ಮೊದಲಿನಷ್ಟೇ ಹಾಕುತ್ತಾರೆ. ಈಗ ಮಾಲಿಗೆ ಮಾಲೇ ಬಡಿಯುತ್ತಿದೆ.”

ಲೆಕ್ಕ ಅಷ್ಟೇ. ಒಂದು ಪಾಲು ಮಾಲಿಗೆ ಮೂರು ಪಾಲಾದರೂ ಕಲ್ಲು ಇರಬೇಕು. ಮೆತ್ತನೆಯ ಲೋಹಕ್ಕೆ ಇನ್ನೂ ಹೆಚ್ಚು. ಕಲ್ಲು ಉಜ್ಜುವುದು ಮಾತ್ರವಲ್ಲ, ಒಂದು ಭಾಗ ಇನ್ನೊಂದಕ್ಕೆ ತಾಗದಂತೆ ಮೆತ್ತೆಯಾಗಿಯೂ ಇರುತ್ತದೆ. ಕಲ್ಲು ದಿನವೂ ಸವೆದು ಕೆಸರಾಗಿ ನೀರಿನೊಂದಿಗೆ ಹೋಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ತೊಟ್ಟಿಯ ಭಾರ ಇಳಿದರೆ ಅದೇ ಮೋಟಾರು ಅದನ್ನು ಹೆಚ್ಚು ಅದುರಿಸುತ್ತದೆ. ಅಂದರೆ ನನ್ನ ಸೆನ್ಸರ್ ಸುಳ್ಳು ಹೇಳಿರಲಿಲ್ಲ. ಎಂ.ಟೆಕ್ ಓದಿದ ನಾನು ಅದನ್ನು ತಪ್ಪಾಗಿ ಓದಿದ್ದೆ.

ಉಳಿದ ಪಾಠವನ್ನೂ ಚಾಚಾ ಅಲ್ಲೇ ಹೇಳಿಕೊಟ್ಟರು. ಸವೆದಷ್ಟು ಕಲ್ಲನ್ನು ಆಗಾಗ ತುಂಬುತ್ತಿರಬೇಕು, ಒಂದೇ ಸಲ ಸುರಿಯಬಾರದು. ಹೊಸ ಕಲ್ಲನ್ನು ಮಾಲಿಲ್ಲದೆ ಸ್ವಲ್ಪ ಹೊತ್ತು ಓಡಿಸಿ ಅಂಚು ಮುರಿಯಬೇಕು. ವಾರಕ್ಕೊಮ್ಮೆ ಜರಡಿ ಹಿಡಿದು ಪುಡಿಗಲ್ಲು ತೆಗೆಯಬೇಕು, ಇಲ್ಲದಿದ್ದರೆ ಅದು ಭಾಗದ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ನೀರೂ ಸೋಪಿನಂಥ ಕಾಂಪೌಂಡೂ ಒಂದೇ ಸಮ ಬರುತ್ತಿರಬೇಕು. ಕೆಳಗಿನ ಜಾಲರಿ ಕಟ್ಟಿ ನೀರು ನಿಂತರೆ ಕಲ್ಲು ಉಜ್ಜುವುದಿಲ್ಲ, ಬರೀ ತೇಲಾಡುತ್ತದೆ. ನೀರು ಕಡಿಮೆಯಾದರೆ ಮಾಲು ಕಪ್ಪಾಗುತ್ತದೆ. ಗ್ರೀಸನ್ನು ಪುಸ್ತಕದಲ್ಲಿ ಬರೆದಷ್ಟೇ ಹಾಕಬೇಕು, ಹೆಚ್ಚಾದರೂ ಬೇರಿಂಗ್ ಕಾಯುತ್ತದೆ. ಓಡುವ ತೊಟ್ಟಿಗೆ ಕೈ ಹಾಕಲೇಬಾರದು.

“ನಿಮಗೆ ಇದು ಯಾವಾಗ ಗೊತ್ತಾಯಿತು?” ಎಂದು ಕೇಳಿದೆ. ಅವರು ಕಿವಿ ಹತ್ತಿರ ತಂದರು. ಎರಡನೇ ಸಲ ಜೋರಾಗಿ ಕೇಳಬೇಕಾಯಿತು.

“ಹತ್ತು ದಿನದ ಹಿಂದೆಯೇ. ಕಲ್ಲು ತುಂಬಿದ್ದರೆ ಸದ್ದು ಮಳೆಯ ಹಾಗೆ. ಮಾಲು ಬಡಿದರೆ ಟಕ್ ಟಕ್ ಅನ್ನುತ್ತದೆ. ಸೂಪರ್‌ವೈಸರಿಗೆ ಹೇಳಿದ್ದೆ. ಕಲ್ಲಿಗೆ ದುಡ್ಡಾಗುತ್ತದೆ ಅಂದರು.”

ಆ ಸದ್ದು ಕೇಳಲೆಂದೇ ಅವರು ತೊಟ್ಟಿಯ ಮುಚ್ಚಳ ಹಾಕುತ್ತಿರಲಿಲ್ಲ. ಕಿವಿಗೆ ಪ್ಲಗ್ಗೂ ಇರಲಿಲ್ಲ. ಶಬ್ದದ ಮೀಟರ್ ತರಿಸಿ ಹಿಡಿದೆವು, ಮುಳ್ಳು 90 ಡೆಸಿಬಲ್ ದಾಟಿ ನಿಂತಿತು. ನಮ್ಮ ಕಾರ್ಖಾನೆ ನಿಯಮಗಳಲ್ಲಿ ಬಹುಕಾಲ ಇದ್ದ ಮಿತಿ 90 ಡೆಸಿಬಲ್ಲಿಗೆ ದಿನಕ್ಕೆ 8 ಗಂಟೆ. 95 ಆದರೆ 4 ಗಂಟೆ ಮಾತ್ರ. ಚಾಚಾ ಎಷ್ಟೋ ವರ್ಷಗಳಿಂದ ಹನ್ನೆರಡು ಗಂಟೆಯ ಪಾಳಿ ಮಾಡಿದವರು. ಯಂತ್ರ ಉಳಿಸಲು ಅವರು ಬಳಸಿದ ಸಾಧನ ಅವರ ಕಿವಿ. ಕಲ್ಲಿನ ಹಾಗೆ ಅದೂ ದಿನದಿನಕ್ಕೆ ಸವೆದಿದೆ. ಕಲ್ಲಾದರೆ ಹೊಸದು ತುಂಬಬಹುದು. ಹೀಗೆ ಹೋದ ಕಿವಿ ಮತ್ತೆ ಬರುವುದಿಲ್ಲ.

ವಾಪಸ್ ಬಂದ ಮೇಲೆ ಪರದೆಯಲ್ಲಿ ಎರಡು ಬದಲಾವಣೆ ಮಾಡಿದೆವು. ಅದುರು ಏರಿದರೆ ಮೊದಲ ಪ್ರಶ್ನೆ ‘ಕಲ್ಲಿನ ಮಟ್ಟ ನೋಡಿದಿರಾ?’ ಎಂದು ಬರುತ್ತದೆ. ಚಾಚಾ ಹೇಳಿದ್ದನ್ನು ಹಿಂದಿಯಲ್ಲಿ ಬರೆದಿಡಲು ಒಂದು ಜಾಗವಿದೆ, ಅದನ್ನು ಮಾಲೀಕರೂ ನೋಡುತ್ತಾರೆ. ಮುಚ್ಚಳ ಈಗ ಮುಚ್ಚಿರುತ್ತದೆ, ಪ್ಲಗ್ ಬಂದಿದೆ. ಕಿವಿ ಪರೀಕ್ಷೆ ಮಾಡಿಸುವ ಮಾತು ಇನ್ನೂ ಮಾತಾಗಿಯೇ ಇದೆ. ನಾನು ಹೋದಾಗಲೆಲ್ಲ ಕೇಳುತ್ತಿದ್ದೇನೆ.

ನಮ್ಮಲ್ಲಿ ಅನೇಕರು ಇದೇ ಕೆಲಸದಲ್ಲಿದ್ದೀರಿ, ಎಲ್ಲೋ ಕೂತು ಯಾವುದೋ ಯಂತ್ರದ ಅಂಕಿ ನೋಡುತ್ತೀರಿ. ಮುಂದಿನ ಸಲ ಗೆರೆ ಏರಿದಾಗ, ವರದಿ ಕಳಿಸುವ ಮುಂಚೆ ಆ ಯಂತ್ರದ ಪಕ್ಕದಲ್ಲಿ ನಿಲ್ಲುವವರಿಗೆ ಒಂದು ಫೋನ್ ಮಾಡಿ. ಅವರಿಗೆ ಸರಿಯಾಗಿ ಕೇಳಿಸದಿದ್ದರೆ, ಯಾಕೆಂದೂ ವಿಚಾರಿಸಿ.