ಯಾರದೋ ಪಗಾರ, ಯಾರದೋ ಸಿಟ್ಟು

ಮಾರ್ಚ್ ತಿಂಗಳು ಬಂತೆಂದರೆ ಸರಕಾರಿ ಕಾರಕೂನನಿಗೆ ಎರಡು ಬಗೆಯ ಜ್ವರ. ಒಂದು ವರ್ಷಾಂತ್ಯದ ಬಿಲ್ಲುಗಳದು, ಇನ್ನೊಂದು ಐ.ಪಿ.ಎಲ್. ಕ್ರಿಕೆಟ್ಟಿನದು. ಮೊದಲನೆಯದು 31ನೆಯ ತಾರೀಖಿಗೆ ತಾನಾಗಿ ಇಳಿಯುತ್ತದೆ. ಎರಡನೆಯದು ಮಳೆಗಾಲ ಹತ್ತಿರವಾಗುವವರೆಗೆ ಬಿಡುವುದಿಲ್ಲ. ಆ ದಿನಗಳಲ್ಲಿ ಬೆಳಗಿನ ಡೊಂಬಿವಲಿ ಗಾಡಿಯಲ್ಲಿ ಕೂರಲು ಜಾಗ ಸಿಗದಿದ್ದರೂ ಯಾರೂ ಗೊಣಗುವುದಿಲ್ಲ. ಗೊಣಗಲು ಅದಕ್ಕಿಂತ ದೊಡ್ಡ ವಿಷಯ ಒದಗಿರುತ್ತದೆ. ಯಾವನಿಗೆ ಎಷ್ಟು ಕೋಟಿ ಕೊಟ್ಟರು, ಅವನು ಮಾಡಿ ತೋರಿಸಿದ್ದೇನು ಎಂಬ ಒಂದೇ ಲೆಕ್ಕ ಠಾಣೆ ದಾಟಿ, ದಾದರ ದಾಟಿ, ಸಿ.ಎಸ್.ಎಂ.ಟಿ.ಯವರೆಗೆ (ನಮ್ಮ ನಾಲಿಗೆಗೆ ಅದು ಇನ್ನೂ ವಿ.ಟಿ.ಯೇ) ನಡೆಯುತ್ತದೆ.

ಇಂಥ ಲೆಕ್ಕಗಳಲ್ಲೆಲ್ಲ ಅತಿ ಬಿಸಿಯಾದದ್ದು 2024ರದು. ಆಟ ನೋಡದ ಹಿರಿಯ ವಾಚಕರಿಗಾಗಿ ನಡೆದ ಸಂಗತಿಯನ್ನು ಚಿಕ್ಕದಾಗಿ ಹೇಳಿಬಿಡುತ್ತೇವೆ. ಹಾರ್ದಿಕ ಪಾಂಡ್ಯನೆಂಬ ಬರೋಡೆಯ ಆಟಗಾರನನ್ನು ಮುಂಬಯಿ ಇಂಡಿಯನ್ಸ್ ತಂಡದವರು 2015ರಲ್ಲಿ 10 ಲಕ್ಷ ರೂಪಾಯಿಗೆ ತಂದರು. (ಆಟಗಾರರಿಗೆ ಏಕವಚನ ನಮ್ಮ ಗಾಡಿಯ ರೂಢಿ, ಅವಮರ್ಯಾದೆಯೆಂದು ಎಣಿಸಬಾರದು.) ತಂಡ ನಾಲ್ಕು ಸಲ ಕಪ್ ಗೆದ್ದಾಗ ಅವನು ಅದರಲ್ಲಿದ್ದ. 2022ರಲ್ಲಿ ಹೊಸದಾಗಿ ಹುಟ್ಟಿದ ಗುಜರಾತ್ ಟೈಟನ್ಸ್ ತಂಡಕ್ಕೆ ನಾಯಕನಾಗಿ ಹೋದ. ಹೋದ ವರ್ಷವೇ ಕಪ್ ಗೆದ್ದ, ಮರುವರ್ಷ ಫೈನಲ್ ತಲುಪಿಸಿದ. 2023ರ ನವೆಂಬರಿನಲ್ಲಿ ಮುಂಬಯಿಯವರು ಅವನನ್ನು ತಿರುಗಿ ಕರೆಸಿಕೊಂಡರು. ಪಗಾರ 15 ಕೋಟಿ. ಅದೇ ಡಿಸೆಂಬರ್ 15ರಂದು, ಐದು ಸಲ ಕಪ್ ಗೆಲ್ಲಿಸಿಕೊಟ್ಟ ರೋಹಿತ ಶರ್ಮನನ್ನು ಕೆಳಗಿಳಿಸಿ ಇವನೇ ನಾಯಕನೆಂದು ಸಾರಿದರು.

ಆಮೇಲಿನದು ಎಲ್ಲರೂ ಕಂಡದ್ದೇ. ಮೊದಲ ಆಟ ಅಹಮದಾಬಾದಿನಲ್ಲಿ, 6 ರನ್ನುಗಳ ಸೋಲು. ಅಲ್ಲಿಯ ಜನ ಬಿಟ್ಟುಹೋದವನೆಂದು ಛೀಮಾರಿ ಹಾಕಿದರು. ಅದು ಸಹಜ. ಎರಡನೆಯದು ಹೈದರಾಬಾದಿನಲ್ಲಿ; ಎದುರಾಳಿಗಳು 277 ರನ್ನು ಬಾರಿಸಿದರು. ಏಪ್ರಿಲ್ 1ರಂದು ನಮ್ಮ ವಾಂಖೇಡೆಗೆ ಬಂದರೆ ಸ್ವಂತ ಮನೆಯವರೂ ಅದೇ ರಾಗ ಎತ್ತಿದರು. ಟಾಸಿನ ಹೊತ್ತಿಗೆ ಸಂಜಯ ಮಾಂಜ್ರೇಕರರು ಜೋರಾಗಿ ಚಪ್ಪಾಳೆ ತಟ್ಟಿರೆಂದರೆ ಜನ ಜೋರಾಗಿ ಕೂಗಿ ಅಪಹಾಸ್ಯ ಮಾಡಿದರು. ಶಾಲೆಯ ಮಾಸ್ತರರಂತೆ ಅವರು "ಸರಿಯಾಗಿ ನಡೆದುಕೊಳ್ಳಿ" ಎಂದು ಗದರಿಸಬೇಕಾಯಿತು. ಗಡಿಯ ಬಳಿ ನಿಂತಿದ್ದ ರೋಹಿತನೇ ಕೊನೆಗೆ ಕೈಸನ್ನೆ ಮಾಡಿ, ಬೇಡ, ನಿಲ್ಲಿಸಿರೆಂದ. ಆ ದಿನ ಮುಂಬಯಿ ಮಾಡಿದ್ದು 125. ಅದರಲ್ಲಿ ಎಲ್ಲರಿಗಿಂತ ಹೆಚ್ಚು ರನ್ನು, 34, ಹೊಡೆದವನು ಬೈಸಿಕೊಂಡವನೇ. ನಾಯಕತ್ವ ಕಳಕೊಂಡವನು ಮೊದಲನೆಯ ಚೆಂಡಿಗೇ ಔಟಾದ. ಈ ಅಂಕಿಗಳನ್ನು ಮರುದಿನ ಗಾಡಿಯಲ್ಲಿ ಯಾರೂ ಎತ್ತಲಿಲ್ಲ.

ಆದರೆ ಏಪ್ರಿಲ್ 14ರ ಆಟವನ್ನು ಮರೆಯಲು ಹಾರ್ದಿಕನ ಪಕ್ಷದವರಿಗೂ ಆಗಲಾರದು. ಚೆನ್ನೈಯವರ ಕೊನೆಯ ಓವರನ್ನು ತಾನೇ ಹಾಕುತ್ತೇನೆಂದು ಚೆಂಡು ಹಿಡಿದ. ಧೋನಿ ಬಂದವನೇ ಸಾಲಾಗಿ ಮೂರು ಸಿಕ್ಸರ್ ಎತ್ತಿ, ನಾಲ್ಕು ಚೆಂಡಿನಲ್ಲಿ 20 ಮಾಡಿದ. ಓವರಿಗೆ 26 ಹೋಯಿತು. ರೋಹಿತ 105 ಹೊಡೆದು ಕೊನೆವರೆಗೆ ನಿಂತರೂ ಮುಂಬಯಿ ಸೋತಿತು. ಎಷ್ಟರಿಂದ? ಸರಿಯಾಗಿ 20ರಿಂದ. ಹೀಗೆ ಮಾಡಿ 14 ಆಟಗಳಲ್ಲಿ 4 ಗೆದ್ದು, ಹತ್ತು ತಂಡಗಳಲ್ಲಿ ಹತ್ತನೆಯದಾಗಿ ಮುಂಬಯಿ ಕೂತಿತು. ನಾಯಕನ ಗಳಿಕೆ 216 ರನ್ನು, 11 ವಿಕೆಟ್ಟು.

ನಮ್ಮ ಆಫೀಸಿನಲ್ಲಿ ಲೆಕ್ಕಕ್ಕೆ ಬರವಿಲ್ಲ. ಮಗ್ಗುಲ ಮೇಜಿನ ರಾಯರು ಪೆನ್ಸಿಲು ತೆಗೆದು 15 ಕೋಟಿಯನ್ನು 216ರಿಂದ ಭಾಗಿಸಿಯೇಬಿಟ್ಟರು: ರನ್ನೊಂದಕ್ಕೆ 6,94,444 ರೂಪಾಯಿ. ನಾವೂ ಸುಮ್ಮನಿರಲಿಲ್ಲ. ಕೇಂದ್ರ ಸರಕಾರದ ಏಳನೆಯ ವೇತನ ಆಯೋಗವು ಅಪ್ಪರ್ ಡಿವಿಜನ್ ಕ್ಲಾರ್ಕನಿಗೆ ಗೊತ್ತುಮಾಡಿದ ಆರಂಭದ ಮೂಲವೇತನ ತಿಂಗಳಿಗೆ 25,500, ವರ್ಷಕ್ಕೆ 3,06,000. ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆಗಳನ್ನು ಬದಿಗಿಟ್ಟರೆ, ಹಾರ್ದಿಕನ ಎರಡು ತಿಂಗಳ ದುಡಿಮೆಯನ್ನು ಗಳಿಸಲು ನಮ್ಮಂಥವನು 490 ವರ್ಷ ಫೈಲು ಕಟ್ಟಬೇಕು. 2024ರಿಂದ 490 ಕಳೆದರೆ 1534. ಆ ವರ್ಷವೇ ಗುಜರಾತಿನ ಸುಲ್ತಾನ ಬಹಾದೂರ ಶಾಹನು ವಸಾಯಿಯನ್ನೂ ಮುಂಬಯಿಯ ದ್ವೀಪಗಳನ್ನೂ ಪೋರ್ತುಗೀಜರಿಗೆ ಬಿಟ್ಟುಕೊಟ್ಟದ್ದು. ಅಂದು ಪೋರ್ತುಗೀಜರ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದರೆ ಈಗ ಸರಿಹೋಗುತ್ತಿತ್ತು ಎಂದಾಗ ರಾಯರು ನಕ್ಕು ಪೆನ್ಸಿಲು ಕೆಳಗಿಟ್ಟರು.

ಈ ಭಾಗಾಕಾರದಿಂದ ಸಿಟ್ಟು ಹೆಚ್ಚುತ್ತದೆಯೇ ಹೊರತು ಸತ್ಯ ಸಿಗುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಅದೇ ವರ್ಷ ಕಲಕತ್ತೆಯವರು ಮಿಚೆಲ್ ಸ್ಟಾರ್ಕನಿಗೆ 24.75 ಕೋಟಿ ಕೊಟ್ಟಿದ್ದರು. ಮೊದಲ ಎರಡು ಆಟಗಳಲ್ಲಿ 8 ಓವರಿಗೆ 100 ರನ್ನು ತೆತ್ತು ಒಂದು ವಿಕೆಟ್ಟನ್ನೂ ಕೀಳಲಿಲ್ಲ. ಸೊನ್ನೆಯಿಂದ ಭಾಗಿಸಿದರೆ ಏನು ಬರುತ್ತದೆಂದು ನಮ್ಮ ಗಣಿತದ ಮಾಸ್ತರರು ಹೇಳಿಕೊಟ್ಟಿದ್ದಾರೆ. ಮೇ 26ರಂದು ಫೈನಲ್‌ನಲ್ಲಿ ಅದೇ ಸ್ಟಾರ್ಕ 14 ರನ್ನಿಗೆ 2 ವಿಕೆಟ್ಟು ಕಿತ್ತು ಆ ದಿನದ ಶ್ರೇಷ್ಠ ಆಟಗಾರನಾದ. 2025ರಲ್ಲಿ ಲಖನೌದವರು ಋಷಭ ಪಂತನಿಗೆ 27 ಕೋಟಿ ಸುರಿದರು. ಅವನು ಮಾಡಿದ 269 ರನ್ನುಗಳಲ್ಲಿ 118 ಬಂದದ್ದು ಕಟ್ಟಕಡೆಯ ಒಂದೇ ಆಟದಲ್ಲಿ. ಇಂಥವಕ್ಕೆ ತಿಂಗಳ ಪಗಾರದ ಲೆಕ್ಕ ಹೊಂದುವುದಿಲ್ಲ.

ಇನ್ನು ವಾಂಖೇಡೆಯ ಜನರ ಬಾಯಿಯೋ, ಅದಕ್ಕೆ ಕೋಟಿಯ ನೆಪವೂ ಬೇಕಿಲ್ಲ. 2006ರ ಮಾರ್ಚಿನಲ್ಲಿ ಇಂಗ್ಲೆಂಡಿನ ವಿರುದ್ಧದ ಟೆಸ್ಟಿನಲ್ಲಿ 21 ಚೆಂಡಾಡಿ 1 ರನ್ನಿಗೆ ಔಟಾಗಿ ಹೋಗುತ್ತಿದ್ದ ಸಚಿನ ತೆಂಡುಲಕರನನ್ನು ಇದೇ ಮೈದಾನದವರು ಕೂಗಿ ಅಣಕಿಸಿದ್ದರು. ಅದೇ ಮೈದಾನದಲ್ಲಿ 2023ರ ನವೆಂಬರ್ 1ರಂದು ಅವನ ಪ್ರತಿಮೆ ನಿಲ್ಲಿಸಿದರು.

ಹಾಗಾದರೆ ಹಾರ್ದಿಕನ ಮೇಲಿನ ಸಿಟ್ಟು ಎಲ್ಲಿಯದು? ರನ್ನಿನದಾಗಿರಲಾರದು, ಏಕೆಂದರೆ ಅವನು ಮುಂಬಯಿಯ ಪರವಾಗಿ ಒಂದು ಚೆಂಡನ್ನೂ ಆಡುವ ಮೊದಲೇ ಅದು ಹೊತ್ತಿಕೊಂಡಿತ್ತು. ಹಣದ್ದೂ ಅಲ್ಲ; ಗುಜರಾತಿನಲ್ಲಿ ಅದೇ 15 ಕೋಟಿ ಎಣಿಸಿಕೊಂಡಾಗ ಇಲ್ಲಿ ಯಾರಿಗೂ ನಿದ್ದೆಗೆಟ್ಟಿರಲಿಲ್ಲ. ಸರಕಾರಿ ನೌಕರನಿಗೆ ಈ ರೋಗದ ಹೆಸರು ಥಟ್ಟನೆ ಹೊಳೆಯುತ್ತದೆ. ಒಬ್ಬ ಕಿರಿಯ ಡೆಪ್ಯುಟೇಶನ್ ಮೇಲೆ ಬೇರೆ ಇಲಾಖೆಗೆ ಹೋದ. ಅಲ್ಲಿ ಹೆಸರು ಮಾಡಿದ. ತಿರುಗಿ ಬರುವಾಗ ಹತ್ತು ವರ್ಷ ಶಾಖೆ ನಡೆಸಿದ ಹಿರಿಯರ ಕುರ್ಚಿಯಲ್ಲೇ ಬಂದು ಕೂತ. ಹಿರಿಯರು ನಿವೃತ್ತರಾಗಿಲ್ಲ, ವರ್ಗವಾಗಿಲ್ಲ. ಅದೇ ಕೋಣೆಯಲ್ಲಿ ಪಕ್ಕದ ಮೇಜಿಗೆ ಸರಿದಿದ್ದಾರೆ. ಜ್ಯೇಷ್ಠತಾ ಪಟ್ಟಿಯನ್ನು ಗೀತೆಯಂತೆ ಪಾರಾಯಣ ಮಾಡುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಜಗತ್ತಿನಲ್ಲಿಲ್ಲ. ವಾಂಖೇಡೆಯಲ್ಲಿ ರೋಹಿತನ 45ನೆಯ ನಂಬರಿನ ಅಂಗಿ ತೊಟ್ಟು ಕೂಗಿದವರಲ್ಲಿ ಎಷ್ಟು ಮಂದಿ ಬಡ್ತಿ ತಪ್ಪಿದ ಗುಮಾಸ್ತರಿದ್ದರೋ ದೇವರೇ ಬಲ್ಲ.

ಹಿಂದೊಮ್ಮೆ ನಾವಿದ್ದ ಒಂದು ಕಚೇರಿಯಲ್ಲಿ ಇಂಥದೇ ಆಯಿತು. ಮೇಲಿನಿಂದ ಹುಕುಮು ಬಂತು, ಒಬ್ಬ ಹಿರಿಯರನ್ನು ದಾಟಿ ಕಿರಿಯನಿಗೆ ಹೆಡ್ ಕ್ಲಾರ್ಕಿಯಾಯಿತು. ಹುಕುಮಿಗೆ ಸಹಿ ಹಾಕಿದ ಸಾಹೇಬರು ಬಂದಾಗ ಎಲ್ಲರೂ ಎಂದಿನಂತೆ ಎದ್ದು ನಿಂತು ನಮಸ್ಕಾರ ಹಾಕಿದರು. ಕಿರಿಯನು ಡಬ್ಬಿ ಬಿಚ್ಚಿದಾಗ ಮಾತ್ರ ಮೇಜು ಖಾಲಿಯಾಗುತ್ತಿತ್ತು. ಅವನು ಅರ್ಜಿ ಹಾಕಿ ಪಡೆದ ಹುದ್ದೆಯಲ್ಲ ಅದು; ಬೇಡವೆನ್ನುವ ಧೈರ್ಯ ಯಾವ ಕಾರಕೂನನಿಗಿದೆ? ಒಂದು ವರ್ಷ ಅವನು ಒಬ್ಬನೇ ಕುಳಿತು ಉಂಡ. ಕೆಲಸದಲ್ಲಿ ಮೊದಲಿಲ್ಲದ ತಪ್ಪುಗಳು ಕಾಣಿಸಿಕೊಂಡವು. ಟಿಪ್ಪಣಿ ಬರೆಯುವಾಗ ಕೈ ತಡವರಿಸುತ್ತಿತ್ತು. "ನೋಡಿದಿರಾ, ಯೋಗ್ಯತೆಯೇ ಇಲ್ಲ" ಎಂದು ಶಾಖೆಯವರು ಹೇಳಿಕೊಂಡರು. ದಾಟಿಸಿಕೊಂಡ ಹಿರಿಯರಾದರೋ ಒಂದು ದಿನವೂ ಅವನನ್ನು ಹಳಿದವರಲ್ಲ. ವಾಂಖೇಡೆಯಲ್ಲಿ ರೋಹಿತ ಕೈಯೆತ್ತಿದ್ದನ್ನು ಟಿ.ವಿ.ಯಲ್ಲಿ ಕಂಡಾಗ ನಮಗೆ ನೆನಪಾದದ್ದು ಅವರೇ. ನಾಯಕನನ್ನು ಬದಲಿಸಿದವರು ಮಾಲೀಕರು. ಆದರೆ ಮಾಲೀಕರು ಟಾಸು ಹಾಕಲು ಮೈದಾನದ ನಡುವೆ ಬರುವುದಿಲ್ಲವಷ್ಟೆ, ಬಂದವನಿಗೆ ಬಿತ್ತು.

ಹಣವೊಂದೇ ಜನರನ್ನು ಕೆರಳಿಸುವುದಿಲ್ಲವೆಂಬುದಕ್ಕೆ ಸಾಕ್ಷಿ ವಾಂಖೇಡೆಯ ಹತ್ತಿರವೇ ಇದೆ. ಅದೇ ಚರ್ಚ್‌ಗೇಟಿನ ಬಳಿ ಮಹೀಂದ್ರಾ ಹಾಕಿ ಸ್ಟೇಡಿಯಮ್ಮು. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಮೊದಲಾದಾಗ ಮುಂಬಯಿ ಮೆಜಿಶಿಯನ್ಸ್ ತಂಡದವರು ಸಂದೀಪ ಸಿಂಗನನ್ನು 64,400 ಡಾಲರಿಗೆ, ಅಂದಿನ ಲೆಕ್ಕದಲ್ಲಿ ಸುಮಾರು 35 ಲಕ್ಷ ರೂಪಾಯಿಗೆ, ಕೊಂಡರು. ಹಾಕಿಗೆ ಅದು ದೊಡ್ಡ ಮೊತ್ತ. ತಂಡ ಐದರಲ್ಲಿ ಐದನೆಯದಾಯಿತು. ಆದರೂ ಆ 35 ಲಕ್ಷದ ಕುರಿತು ನಮ್ಮ ಗಾಡಿಯಲ್ಲಿ ಜಗಳವಾದದ್ದನ್ನು ನಾವು ಕೇಳಲಿಲ್ಲ. ಬೈಯಬೇಕಾದರೂ ಮೊದಲು ನೋಡಬೇಕಲ್ಲ.

ಈ ಹಾಕಿಯವರ ಕಥೆ ಮೊದಲಿನಿಂದಲೂ ತಿರುಗುಮುರುಗು. ನಮ್ಮ ಕೊಡಗಿನಲ್ಲಿ ಹುಟ್ಟಿ ಮುಂಬಯಿಯನ್ನು ಮನೆ ಮಾಡಿಕೊಂಡ ಎಂ. ಎಂ. ಸೋಮಯ್ಯನವರು 1980ರಲ್ಲಿ ಮಾಸ್ಕೋದಿಂದ ಚಿನ್ನ ತಂದ ತಂಡದಲ್ಲಿದ್ದರು, 1988ರಲ್ಲಿ ಸಿಯೋಲಿನಲ್ಲಿ ನಾಯಕರಾಗಿದ್ದರು. ಹೊಟ್ಟೆಪಾಡಿಗೆ ಭಾರತ್ ಪೆಟ್ರೋಲಿಯಂ ನೌಕರಿ. ಖಡಕಿಯಿಂದ ಬಂದು ಮುಂಬಯಿಯಲ್ಲಿ ಬೆಳೆದ ಧನರಾಜ ಪಿಳ್ಳೆಯವರು 1998ರ ಡಿಸೆಂಬರಿನಲ್ಲಿ ಬ್ಯಾಂಕಾಕಿನಲ್ಲಿ ಏಷ್ಯನ್ ಗೇಮ್ಸ್ ಚಿನ್ನವನ್ನು 32 ವರ್ಷಗಳ ಮೇಲೆ ದೇಶಕ್ಕೆ ತಂದ ನಾಯಕರು. ಆಟಗಾರರಿಗೆ ಸಿಗುವ ಭತ್ಯೆ ಸಾಲದೆಂದು, ಸೌಕರ್ಯ ಸರಿಯಿಲ್ಲವೆಂದು ಬಾಯಿಬಿಟ್ಟು ಹೇಳಿದ್ದರು. ಚಿನ್ನ ಗೆದ್ದು ಬಂದಮೇಲೆ ಅವರನ್ನೂ ಇನ್ನೂ ಆರು ಮಂದಿ ಹಿರಿಯರನ್ನೂ ತಂಡದಿಂದ ಕೈಬಿಟ್ಟರು. "ವಿಶ್ರಾಂತಿ ಕೊಟ್ಟಿದ್ದೇವೆ" ಎಂಬುದು ಸರಕಾರಿ ಕನ್ನಡದಂಥ ಉತ್ತರ. ಗೆದ್ದವನು ಕೇಳಿ ಮನೆಗೆ ಹೋದ. ಸೋತವನಿಗೆ ಕೇಳದೆಯೇ ಬಂತು.

ಹೀಗೆಂದ ಮಾತ್ರಕ್ಕೆ ಕಾಸು ಕೊಟ್ಟು ಕೂತ ಪ್ರೇಕ್ಷಕ ಬಾಯಿ ಮುಚ್ಚಿಕೊಂಡಿರಬೇಕೆಂದು ನಾವು ಹೇಳುವವರಲ್ಲ. ವಿರಾರದಿಂದ ಎರಡು ಗಾಡಿ ಬದಲಿಸಿ, ಬಿಸಿಲಲ್ಲಿ ಸಾಲು ನಿಂತು, ನೀರಿನ ಬಾಟಲಿಯನ್ನೂ ಹೊರಗೇ ಬಿಟ್ಟು ಒಳಗೆ ಹೋದವನಿಗೆ ಕೊನೆಯ ಓವರಿನಲ್ಲಿ ಮೂರು ಸಿಕ್ಸರ್ ಬಡಿಸಿಕೊಂಡವನ ಮೇಲೆ ಹರಿಹಾಯುವ ಹಕ್ಕು ಉಂಟು. ಆ ಚೆಂಡುಗಳನ್ನು ಹಾಕಿದವನು ಅವನೇ. ಟಾಸು ಹಾಕುವ ಮೊದಲೇ ಕೂಗುವುದು ಬೇರೆ. ನಮಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ, ಏಕೆಂದರೆ "ಕೆಲಸ ಕಡಿಮೆ, ಪಗಾರ ಹೆಚ್ಚು" ಎಂಬ ಬಿರುದು ಈ ದೇಶದಲ್ಲಿ ಕ್ರಿಕೆಟ್ಟಿಗರಿಗಿಂತ ಮೊದಲು ಸಿಕ್ಕದ್ದು ಸರಕಾರಿ ಕಾರಕೂನನಿಗೆ. ಕಿಟಕಿಯ ಬಳಿ ಬಂದವರು ತಮ್ಮ ಕಾಗದ ತೋರಿಸುವ ಮೊದಲೇ "ನಮ್ಮ ತೆರಿಗೆಯ ದುಡ್ಡಲ್ಲಿ ಪಗಾರ ತಗೊಳ್ತೀರಿ" ಎಂದು ಆರಂಭಿಸುತ್ತಾರೆ. ಕಾಗದ ತಡವಾಗಿದ್ದರೆ ಬೈಯಲಿ, ಕೇಳಿಕೊಳ್ಳುತ್ತೇವೆ. ಆದರೆ ಬಾಗಿಲು ತೆಗೆಯುವ ಮೊದಲೇ ಬೈಸಿಕೊಂಡ ದಿನ ಅಕ್ಷರ ನೆಟ್ಟಗೆ ಬೀಳುವುದಿಲ್ಲವೆಂಬುದನ್ನು ಅನುಭವಸ್ಥರು ಬಲ್ಲರು.

2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ವಿಶ್ವಕಪ್ಪಿನ ಫೈನಲ್. ನಾಯಕ ರೋಹಿತ. ದಕ್ಷಿಣ ಆಫ್ರಿಕಕ್ಕೆ ಕೊನೆಯ ಓವರಿನಲ್ಲಿ 16 ರನ್ನು ಬೇಕು. ಅವನು ಚೆಂಡು ಕೊಟ್ಟದ್ದು ಹಾರ್ದಿಕನಿಗೆ. ಅದಕ್ಕೆ ಮೊದಲು ಕ್ಲಾಸೆನನನ್ನು ಕೆಡವಿದ್ದವನೂ ಅವನೇ. ಮೊದಲ ಚೆಂಡನ್ನೇ ಮಿಲ್ಲರ್ ಎತ್ತಿ ಹೊಡೆದ, ಗಡಿಯ ಮೇಲೆ ಸೂರ್ಯಕುಮಾರ ಹಿಡಿದ. 7 ರನ್ನುಗಳಿಂದ ಭಾರತ ಗೆದ್ದಿತು. ಹಾರ್ದಿಕ 20 ರನ್ನಿಗೆ 3.

ಜುಲೈ 4ರಂದು ತಂಡ ನರಿಮನ್ ಪಾಯಿಂಟಿನಿಂದ ಮರೀನ್ ಡ್ರೈವಿನ ಮೇಲೆ ತೆರೆದ ಬಸ್ಸಿನಲ್ಲಿ ಬಂದು ವಾಂಖೇಡೆಗೆ ಹೋದಾಗ, ಅದೇ ಜನ ಅದೇ ಗಂಟಲಿನಿಂದ "ಹಾರ್ದಿಕ, ಹಾರ್ದಿಕ" ಎಂದು ಕೂಗಿದರು. ನಮ್ಮ ಅಕ್ಕನ ಮಗನೂ ಆ ಗುಂಪಿನಲ್ಲಿದ್ದ. ಏಪ್ರಿಲ್ 1ರಂದೂ ಇದ್ದವನೇ. ರಾತ್ರಿ ಒಂದು ಗಂಟೆಗೆ ಒಂದು ಚಪ್ಪಲಿ ಕಳಕೊಂಡು, ಧ್ವನಿ ಸೋತು ಮನೆಗೆ ಬಂದ.

"ಏನೋ, ಅವತ್ತು ಹಾಗೆ, ಇವತ್ತು ಹೀಗೆ?" ಎಂದು ಕೇಳಿದೆವು.

"ಮಾಮಾ, ಇವತ್ತು ಕ್ಯಾಪ್ಟನ್ ರೋಹಿತ್ ಅಲ್ವಾ" ಎಂದ.

ಪ್ರಕರಣದ ಮುಂದಿನ ಪುಟ ಇಷ್ಟು. 2025ರ ಆಟಗಳಿಗೆ ಮುಂಬಯಿಯವರು ಹಾರ್ದಿಕನನ್ನೇ ನಾಯಕನನ್ನಾಗಿ ಇಟ್ಟುಕೊಂಡರು. ಹತ್ತನೆಯ ಸ್ಥಾನಕ್ಕೆ ಇಳಿಸಿದವನ ಪಗಾರ 15ರಿಂದ 16.35 ಕೋಟಿಗೆ ಏರಿತು. ಬುಮ್ರಾನಿಗೆ 18, ಸೂರ್ಯಕುಮಾರನಿಗೆ 16.35, ರೋಹಿತನಿಗೆ 16.30. ಆ ಸಲ ತಂಡ ನಾಲ್ಕನೆಯದಾಗಿ ಮುಂದಿನ ಸುತ್ತಿಗೂ ಹೋಯಿತು. ಆದರೆ ಹಿರಿಯನಿಗೂ ಕಿರಿಯನಿಗೂ ನಡುವೆ ಇಟ್ಟ ಆ ಐದು ಲಕ್ಷದ ಅಂತರಕ್ಕೆ ಆಧಾರವೇನೆಂಬುದು ನಮ್ಮ ಅಕೌಂಟ್ಸ್ ಶಾಖೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ರಾಯರು ಮತ್ತೆ ಪೆನ್ಸಿಲು ತೆಗೆದಿದ್ದಾರೆ.